ಕೇಳದೆ ಬದಲಾಯಿಸು

ಜೂನ್ ೩, ಸೋಮವಾರ

ಹೊಸ ಕೆಲಸದ ಮೊದಲ ದಿನ. ಸೇತುವೆ ತಪಾಸಣೆ ಕಚೇರಿ, ಎರಡನೇ ಮಹಡಿ, ಮೂಲೆಯ ಕೋಣೆ. ಕಿಟಕಿ ತೆರೆದರೆ ನದಿ, ನದಿಯ ಮೇಲೆ ಸೇತುವೆ, ಸೇತುವೆಯ ಈಚೆ ತುದಿಯಲ್ಲಿ ಬಸ್ ನಿಲ್ದಾಣ. ನಮ್ಮ ಮನೆಯವರು ಓಡಿಸುವ ಬಸ್ಸು ದಿನಕ್ಕೆ ಎಂಟು ಸಲ ಅದೇ ಸೇತುವೆ ದಾಟುತ್ತದೆ. "ನನ್ನ ಮೇಲೆ ಕಣ್ಣಿಡು ಅಂತ ಸರ್ಕಾರವೇ ನಿನಗೆ ಕಿಟಕಿ ಕೊಟ್ಟಂಗಾಯ್ತು" ಎಂದು ಸಂಜೆ ಹೇಳಿದಾಗ ಗೇಲಿ ಮಾಡಿದರು.

ತಾತ್ಕಾಲಿಕ ಕೆಲಸ. ಡಿಸೆಂಬರ್‌ವರೆಗೆ ನೋಡಿ ಖಾಯಂ ಮಾಡುತ್ತಾರಂತೆ. ನಲವತ್ತೊಂದನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷೆಗೆ ಕೂತಂತಾಗಿದೆ.

ಮನೆಗೆ ಬಂದರೆ ಬಚ್ಚಲುಮನೆಯ ಗೋಡೆಯಲ್ಲಿ ಹೊಸ ಬಿರುಕು. ಮಾಲೀಕರಿಗೆ ಹೇಳಬೇಕು.

ಜೂನ್ ೫, ಬುಧವಾರ

ಈ ವಾರ ನಿವೃತ್ತರಾಗುವ ಟೈಪಿಸ್ಟಮ್ಮನೇ ನನಗೆ ಗುರು. ಕಂಪ್ಯೂಟರ್ ಎಂದರೆ ಕರಿ ಪರದೆ, ಬಿಳಿ ಅಕ್ಷರ, ಅಷ್ಟೇ. ಮೌಸ್ ಎಲ್ಲಿ ಎಂದು ಮೇಜಿನ ಕೆಳಗೆಲ್ಲ ಹುಡುಕಿದೆ. "ಈ ಡಬ್ಬಿಗೆ ಇಲಿಯೂ ಬೇಡ, ಇಲಿ ಬಾಲವೂ ಬೇಡ. ಹತ್ತು ಬೆರಳಿದ್ರೆ ಸಾಕು" ಎಂದರು.

ಇಲ್ಲಿ ಕೀಲಿಗಳಿಗೆ ಎರಡು ಬುದ್ಧಿ. ಬರೆಯುವ ಹೊತ್ತಿನಲ್ಲಿ ಅಕ್ಷರ ಅಕ್ಷರವಾಗಿಯೇ ಬೀಳುತ್ತದೆ. ಎಸ್ಕೇಪ್ ಒತ್ತಿದರೆ ಅದೇ ಅಕ್ಷರ ಆಜ್ಞೆಯಾಗುತ್ತದೆ. ಡಿ ಎರಡು ಸಲ ಒತ್ತಿದರೆ ಇಡೀ ಸಾಲು ಮಾಯ. ಯು ಒತ್ತಿದರೆ ಮಾಯವಾದದ್ದು ವಾಪಸ್. ಕೋಲನ್, ಡಬ್ಲ್ಯೂ, ಕ್ಯೂ ಎಂದರೆ ಉಳಿಸಿ ಹೊರಗೆ.

"ಒಂದು ನೆನಪಿಟ್ಕೊಳಮ್ಮ" ಎಂದರು ಟೈಪಿಸ್ಟಮ್ಮ. "ಉಳಿಸಿ ಹೊರಗೆ ಬಂದ್ಮೇಲೆ ಯು ಯಾವ ಪ್ರಯೋಜನಕ್ಕೂ ಬರಲ್ಲ. ಒಳಗಿರೋವಾಗ ಮಾತ್ರ ಇದಕ್ಕೆ ಹಿಂದಿಂದು ನೆನಪು."

ಇವತ್ತು ಬರೆಯಲು ಹೋಗಿ ಆಜ್ಞೆ ಕೊಟ್ಟು, ಆಜ್ಞೆ ಕೊಡಲು ಹೋಗಿ ಬರೆದು, ಒಂದು ವರದಿಯ ತಲೆಯ ಮೇಲೆ ಡಿಡಿಡಿಯುಯುಯು ಎಂದು ಕೂರಿಸಿದೆ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಜೂನ್ ೧೧, ಮಂಗಳವಾರ

ಸೇತುವೆಯ ತಪಾಸಣೆ ಮಾಡುವವರು ಬಂದಿದ್ದರು. ಕಚೇರಿಯೆಲ್ಲ ಅವರನ್ನು ಕರೆಯುವುದು ಸುತ್ತಿಗೆಯಣ್ಣ ಎಂದೇ. ವಾರಕ್ಕೊಮ್ಮೆ ಚಿಕ್ಕ ಸುತ್ತಿಗೆ ಹಿಡಿದು ಸೇತುವೆಯ ಕೆಳಗೆ ಇಳಿಯುತ್ತಾರೆ, ಕಂಬಗಳನ್ನು ತಟ್ಟುತ್ತಾರೆ, ಕಿವಿಗೊಟ್ಟು ಕೇಳುತ್ತಾರೆ. ಕೇಳಿದ್ದನ್ನೂ ಕಂಡದ್ದನ್ನೂ ಕಾಗದದಲ್ಲಿ ಬರೆದು ತರುತ್ತಾರೆ. ಅದನ್ನು ಟೈಪ್ ಮಾಡುವುದು ನನ್ನ ಕೆಲಸ. ಹತ್ತು ವರ್ಷದ ವರದಿಗಳಿವೆ, ವರ್ಷಕ್ಕೊಂದು ಕಡತ.

ಅವರ ಕೈಬರಹದಲ್ಲಿ ಒಂದು ಪದ ಗೊತ್ತಾಗಲಿಲ್ಲ. ಗೀರೋ ಬಿರುಕೋ ಎಂದು ಕೇಳಿದೆ.

"ಕೇಳಿದ್ದು ಒಳ್ಳೇದಾಯ್ತು ತಂಗಿ" ಎಂದು ಕುರ್ಚಿ ಎಳೆದು ಕೂತರು. "ಗೀರು ಅಂದ್ರೆ ಮೈಮೇಲಿಂದು. ಕಂಬಿಗೆ ಬಳಿದ ಬಣ್ಣಕ್ಕೆ ಸೈಕಲ್ ತಾಗಿರುತ್ತೆ, ಅದು ಗೀರು. ಬಿರುಕು ಒಳಗಿಂದು. ಗೀರು ಎಷ್ಟಿದೆಯೋ ಅಷ್ಟೇ ಇರುತ್ತೆ. ಬಿರುಕು ಬೆಳೆಯುತ್ತೆ. ಮೂರನೇ ಕಂಬದ್ದು ನಾನು ನೋಡ್ತಾ ನೋಡ್ತಾನೇ ಬೆಳೀತಿದೆ."

ಎಷ್ಟು ಚೆನ್ನಾಗಿ ಹೇಳಿದರು. ಒಂದಕ್ಷರ ತಪ್ಪಿಲ್ಲದಂತೆ ಟೈಪ್ ಮಾಡಿ, ಎರಡು ಸಲ ಓದಿ, ಉಳಿಸಿ ಹೊರಗೆ ಬಂದೆ.

ಜೂನ್ ೨೪, ಸೋಮವಾರ

ಕೈ ಕುದುರಿದೆ. ಓರೆಗೆರೆ ಹಾಕಿ ಪದ ಕೊಟ್ಟರೆ ಅದು ಇರುವ ಜಾಗಕ್ಕೇ ಹಾರುತ್ತದೆ. ಎನ್ ಒತ್ತಿದರೆ ಅದರ ಮುಂದಿನದಕ್ಕೆ. ಮೊನ್ನೆ ತರಕಾರಿ ಅಂಗಡಿಯಲ್ಲಿ ಟೊಮೆಟೊ ಹುಡುಕುತ್ತ ಬೆರಳು ತಾನಾಗಿ ಓರೆಗೆರೆ ಒತ್ತಲು ಹೋಯಿತು. ಇವರಿಗೆ ಹೇಳಿದರೆ, "ಮನೇಲಿ ನಾನು ಕಾಣದಿದ್ರೂ ಹಂಗೇ ಹುಡುಕು" ಎಂದರು. ಇವರ ಬೆನ್ನುನೋವು ಈ ವಾರ ಸ್ವಲ್ಪ ಕಡಿಮೆ.

ಜುಲೈ ೯, ಮಂಗಳವಾರ

ಸಾಹೇಬರು ತಮ್ಮ ಕೋಣೆಗೆ ಕರೆಸಿದರು. ಮೆತ್ತಗೆ ಮಾತಾಡುವ ಮನುಷ್ಯ. ಮಾತಿಗೊಮ್ಮೆ ಕನ್ನಡಕ ಒರೆಸಿಕೊಳ್ಳುತ್ತಾರೆ.

ಆಚೆ ದಡದಲ್ಲಿ ದೊಡ್ಡ ಕಾರ್ಖಾನೆ ಏಳುತ್ತಿದೆ, ಭಾರದ ಲಾರಿಗಳು ಸೇತುವೆ ದಾಟಬೇಕು. ಈಗ ಹದಿನೈದು ಟನ್ ಮೀರಿದ ಗಾಡಿಗೆ ಪ್ರವೇಶವಿಲ್ಲ ಎಂಬ ಫಲಕವಿದೆ. ಅದನ್ನು ತೆಗೆಸಲು ಹತ್ತು ವರ್ಷದ ವರದಿಗಳು ಮೇಲಿನವರ ಮುಂದೆ ಹೋಗಬೇಕು.

"ನಮ್ಮ ವರದಿಗಳಲ್ಲಿ ಭಾಷೆ ಒಂದೇ ತರ ಇಲ್ಲಮ್ಮ. ಒಂದು ಕಡೆ ಗೀರು ಅಂತಾರೆ, ಇನ್ನೊಂದು ಕಡೆ ಬಿರುಕು ಅಂತಾರೆ. ಓದೋರಿಗೆ ಸುಮ್ಮನೆ ಗಾಬರಿ. ಎಲ್ಲಾ ಕಡೆ ಗೀರು ಅಂತಲೇ ಮಾಡಿಬಿಡಿ."

"ಸಾರ್, ಅಣ್ಣನೋರು ಎರಡನ್ನೂ ಬೇರೆ ಬೇರೆ ಅರ್ಥದಲ್ಲಿ ಬರೀತಾರೆ" ಎಂದೆ.

"ಅವರು ಸುತ್ತಿಗೆ ಹಿಡಿಯೋರು. ಪದ ಹಿಡಿಯೋರು ನಾವು." ಕನ್ನಡಕ ಒರೆಸಿದರು. "ಬದಲಾಯಿಸೋದಲ್ಲ ಇದು, ಏಕರೂಪ ಮಾಡೋದು. ಡಿಸೆಂಬರ್‌ನಲ್ಲಿ ನಿಮ್ಮ ಖಾಯಮಾತಿ ಕಡತ ನನ್ನ ಮೇಜಿಗೇ ತಾನೇ ಬರೋದು? ನೋಡೋಣ."

ಒಂದು ಪದವನ್ನು ಕಡತದುದ್ದಕ್ಕೂ ಬದಲಾಯಿಸುವ ಆಜ್ಞೆ ಟೈಪಿಸ್ಟಮ್ಮ ಕಲಿಸಿದ್ದರು: ಕೋಲನ್, ಶೇಕಡಾ ಚಿಹ್ನೆ, ಎಸ್, ಓರೆಗೆರೆಗಳ ನಡುವೆ ಹಳೆಯ ಪದ, ಹೊಸ ಪದ, ಕೊನೆಯಲ್ಲಿ ಜಿ. ಆ ಜಿ ಪಕ್ಕದಲ್ಲಿ ಸಿ ಸೇರಿಸಿದರೆ ಯಂತ್ರ ಪ್ರತಿ ಪದದ ಹತ್ತಿರ ನಿಂತು, ಬದಲಾಯಿಸಲೇ ಎಂದು ಕೇಳುತ್ತದೆ. ವೈ ಎಂದರೆ ಹೌದು. ಎನ್ ಎಂದರೆ ಬೇಡ.

ನಾನು ಸಿ ಸೇರಿಸಿದೆ. ಏನೇ ಆಗಲಿ, ಕಣ್ಣಾರೆ ನೋಡದೆ ಮಾಡಬಾರದು. ಮೊದಲ ವರ್ಷದ ಕಡತ ತೆರೆದೆ.

ಮೂರನೇ ಕಂಬ, ನೀರಿನಿಂದ ಎರಡಡಿ ಮೇಲೆ, ಅಡ್ಡ ಬಿರುಕು, ಬೆರಳು ತೂರುವಷ್ಟು. ಬದಲಾಯಿಸಲೇ? ವೈ.

ಅದೇ ಬಿರುಕು, ಅಂಗೈ ಉದ್ದ. ಬದಲಾಯಿಸಲೇ? ವೈ.

ಅದೇ ಬಿರುಕು, ತಟ್ಟಿದರೆ ಟೊಳ್ಳು ಸದ್ದು. ಬದಲಾಯಿಸಲೇ?

ಇಲ್ಲಿ ಎದ್ದು ಹೋಗಿ ನೀರು ಕುಡಿದು ಬಂದೆ. ವೈ.

ಮೂವತ್ತೊಂದು ಸಲ ಕೇಳಿತು. ಸಂಜೆ ಊಟ ಸೇರಲಿಲ್ಲ.

ಜುಲೈ ೧೦, ಬುಧವಾರ

ಬೆಳಿಗ್ಗೆ ಒಂದು ಉಪಾಯ ಹೊಳೆಯಿತು. ಬಿರುಕು, ಬಿರುಕಿನ, ಬಿರುಕಿಗೆ ಎಂದು ಒಂದೊಂದಕ್ಕೂ ಬೇರೆ ಆಜ್ಞೆ ಏಕೆ? ಬಿರುಕ ಎಂಬಷ್ಟನ್ನೇ ಕೊಟ್ಟು ಗೀರ ಎಂದು ಮಾಡಿದರೆ ಕೊಂಬು, ಗುಡಿಸು ಎಲ್ಲ ತಾವಾಗಿ ಬಂದು ಕೂರುತ್ತವೆ. ಗೀರು, ಗೀರಿನ, ಗೀರಿಗೆ. ಅಚ್ಚುಕಟ್ಟು! "ಬಿರುಕು ಬಿಟ್ಟಿದೆ" ಎಂದಿದ್ದಲ್ಲಿ ಮಾತ್ರ "ಗೀರು ಬಿಟ್ಟಿದೆ" ಎಂದಾಗಿ ಎಬಡಾತಬಡಾ ಕಂಡಿತು. ಅವನ್ನು ಹುಡುಕಿ "ಗೀರು ಬಿದ್ದಿದೆ" ಎಂದು ತಿದ್ದಿದೆ.

ಸಿ ತೆಗೆದುಬಿಟ್ಟೆ. ಪ್ರತಿ ಸಲ ಕೇಳಿದರೆ ಕೆಲಸ ಮುಂದೆ ಸಾಗುವುದಿಲ್ಲ. ಉಳಿದ ಒಂಬತ್ತು ಕಡತ ಅರ್ಧ ಗಂಟೆಯಲ್ಲಿ ಮುಗಿಯಿತು. ಕೊನೆಯ ಕಡತದಲ್ಲಿ ಇಪ್ಪತ್ತೆಂಟು ಕಡೆ ಬದಲಾಯಿತು ಎಂದು ಪರದೆಯ ಅಡಿಯಲ್ಲಿ ಸಾಲು ಬಂತು. ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

ಜುಲೈ ೧೨, ಶುಕ್ರವಾರ

ಎರಡು ದಿನ ಸರಿಯಾಗಿ ನಿದ್ದೆಯಿಲ್ಲ. ಇವತ್ತು ಎಲ್ಲರಿಗಿಂತ ಮೊದಲೇ ಹೋಗಿ ಮೊದಲ ವರ್ಷದ ಕಡತ ತೆರೆದು ಯು ಒತ್ತಿದೆ. ಇದಕ್ಕಿಂತ ಹಿಂದಿನದೇನೂ ಇಲ್ಲ ಎಂದಿತು. ಮತ್ತೆ ಒತ್ತಿದೆ. ಮತ್ತೆ ಅದೇ ಮಾತು.

ಹಾಗಾದರೆ ತಿರುಗಿಸಿಯಾದರೂ ಮಾಡೋಣ ಎಂದು ಗೀರನ್ನೆಲ್ಲ ಬಿರುಕು ಮಾಡಿದೆ. ಪರದೆ ನೋಡಿದರೆ, ಕಂಬಿಯ ಬಣ್ಣದ ಮೇಲೆ ಸೈಕಲ್ ತಾಗಿ ಬಿರುಕು! ದೀಪದ ಡಬ್ಬಿಯ ಗಾಜಿನ ಮೇಲೆ ಉಗುರು ತಾಗಿದಂಥ ಬಿರುಕು! ಮೊದಲಿನಿಂದ ಗೀರಾಗಿದ್ದದ್ದು ಯಾವುದು, ನಾನು ಗೀರು ಮಾಡಿದ್ದು ಯಾವುದು, ಯಂತ್ರಕ್ಕೆ ಗೊತ್ತಿಲ್ಲ. ಎರಡೂ ಬೆರೆತುಹೋಗಿವೆ. ಕೋಲನ್, ಕ್ಯೂ, ಆಶ್ಚರ್ಯಚಿಹ್ನೆ ಕೊಟ್ಟು ಉಳಿಸದೆ ಹೊರಗೆ ಬಂದೆ.

ಅಣ್ಣನ ಕಾಗದಗಳು ಮೂರು ಬೀರುಗಳಲ್ಲಿವೆ. ಅವನ್ನು ನೋಡಿಕೊಂಡು ಮೊದಲಿನಿಂದ ತಿದ್ದಬಹುದು. ಒಂದು ತಿಂಗಳ ಕೆಲಸ. ಆಗದ್ದೇನಲ್ಲ. ಸೋಮವಾರದಿಂದ ಹಿಡಿಯಬೇಕು.

ಆಗಸ್ಟ್ ೨, ಶುಕ್ರವಾರ

ಈ ವಾರ ಅಳತೆಗಳ ಸರದಿ. "ಬೆರಳು ತೂರುವಷ್ಟು" ಎಂಬುದು ಅಳತೆಯಲ್ಲ, ಬೆರಳು ಒಬ್ಬೊಬ್ಬರದು ಒಂದೊಂದು ತರ ಎಂದರು ಸಾಹೇಬರು. ಅದೂ ಸರಿಯೇ. ಎಲ್ಲ ಕಡೆ "ಕೂದಲೆಳೆಯಷ್ಟು" ಎಂದಾಯಿತು. ಟೊಳ್ಳು ಸದ್ದಿನ ಸಾಲುಗಳಿಗೆ ಎರಡು ಸಲ ಡಿ. ಹತ್ತೂ ಕಡತ ಚಹಾ ಬರುವುದರೊಳಗೆ ಮುಗಿದವು. "ನಿಮ್ಮ ಕೈಗೆ ಚಿನ್ನದ ಬಳೆ ಹಾಕಬೇಕು ಕಣಮ್ಮ" ಎಂದರು.

ಬಸ್ ಡಿಪೋದಿಂದ ಇವರ ಜೊತೆಯವನು ಬಂದಿದ್ದ. ಬಸ್ಸು ಓಡಿಸುತ್ತ ಶಿಳ್ಳೆ ಹೊಡೆಯುತ್ತಾನೆಂದು ಎಲ್ಲರೂ ಅವನನ್ನು ಸೀಟಿ ಎಂದೇ ಕರೆಯುತ್ತಾರೆ. ಹೆಣ್ಣುಮಗು ಹುಟ್ಟಿದೆಯಂತೆ. "ನನ್ನ ಹಂಗೇ ಸಣ್ಣ ಬಾಯಿ ಅತ್ತಿಗೆ, ಈಗ್ಲೇ ಶಿಳ್ಳೆಗೆ ತಯಾರು" ಎಂದು ನಗಿಸಿದ.

ಆಗಸ್ಟ್ ೧೯, ಸೋಮವಾರ

ಬೀರುಗಳು ಖಾಲಿಯಾದವು. ಹಳೆಯ ಕಾಗದವನ್ನೆಲ್ಲ ಕಾಗದದ ಗಿರಣಿಗೆ ಸಾಗಿಸಿದರು. "ಕಂಪ್ಯೂಟರಿನಲ್ಲಿ ಎಲ್ಲವೂ ಯಥಾವತ್ತಾಗಿದೆ" ಎಂಬ ಪತ್ರಕ್ಕೆ ಸಹಿ ಬೇಕೆಂದರು, ಹಾಕಿದೆ. ಕೋಣೆ ವಿಶಾಲವಾಗಿದೆ, ಗಾಳಿ ಚೆನ್ನಾಗಿ ಆಡುತ್ತಿದೆ.

ಸೆಪ್ಟೆಂಬರ್ ೪, ಬುಧವಾರ

ಸುತ್ತಿಗೆಯಣ್ಣ ಮಧ್ಯಾಹ್ನ ಬಂದರು. ಮೊಣಕಾಲವರೆಗೂ ಕೆಸರು.

"ಮೂರನೇ ಕಂಬದ್ದು ಮೊಳದುದ್ದ ಆಗಿದೆ ತಂಗಿ. ಮೊದಲ ವರ್ಷ ಎಷ್ಟಿತ್ತು ಅಂತ ತೆಗಿ. ಎರಡನ್ನೂ ಪಕ್ಕಪಕ್ಕ ಇಟ್ಟು ಸಾಹೇಬರಿಗೆ ತೋರಿಸ್ತೀನಿ. ಸೇತುವೆ ಮುಚ್ಚಲೇಬೇಕು."

ತೆರೆದೆ. ಪರದೆಯ ಮೇಲಿದ್ದದ್ದನ್ನು ಓದಿದೆ. "ಮೂರನೇ ಕಂಬ, ಅಡ್ಡ ಗೀರು, ಕೂದಲೆಳೆಯಷ್ಟು."

"ಕಂಬಕ್ಕೆ ಗೀರು ಅಂತ ನಾನು ಬರೆದಿದ್ದೀನಾ?"

"ಹಾಗೇ ಇದೆ ಅಣ್ಣ."

"ಕೂದಲೆಳೆ?" ಎಂದು ತಮ್ಮ ತೋರುಬೆರಳನ್ನು ಎತ್ತಿ ಹಿಡಿದು ನೋಡಿಕೊಂಡರು. "ಈ ಬೆರಳು ಒಳಗೆ ಹೋಗಿತ್ತು ತಂಗಿ. ಒಳಗೆ ತಣ್ಣಗಿತ್ತು. ಕಾಗದ ತೆಗಿ, ನೋಡೋಣ."

"ಕಾಗದ ಎಲ್ಲಾ ಗಿರಣಿಗೆ ಹೋಯ್ತಲ್ಲ ಅಣ್ಣ."

ಆಮೇಲೆ ಎರಡನೇ ವರ್ಷದ್ದು, ಮೂರನೇ ವರ್ಷದ್ದು ಓದಿಸಿದರು. ಎಲ್ಲ ಕಡೆಯೂ ಅದೇ. ಏಳುವಾಗ ಮೇಜು ಹಿಡಿದುಕೊಂಡರು. "ನನಗೇ ಏನೋ ಆಗಿದೆ ಅನ್ಸುತ್ತೆ" ಎಂದರು.

ನಾನು ಸುಳ್ಳೇನೂ ಹೇಳಲಿಲ್ಲ. ಇದ್ದದ್ದನ್ನೇ ಓದಿದೆ. ಪಾಪ, ಅವರಿಗೂ ಅರವತ್ತು ಹತ್ತಿರವಾಯಿತು. ಸಕ್ಕರೆ ಕಡಿಮೆ ಹಾಕಿಸಿ ಚಹಾ ತರಿಸಿಕೊಟ್ಟೆ, ಕುಡಿಯದೆ ಹೋದರು.

ಸೆಪ್ಟೆಂಬರ್ ೨೦, ಶುಕ್ರವಾರ

ಅಣ್ಣನನ್ನು ಕೆಲಸದಿಂದ ಬಿಡಿಸಿದರು. ಆರೋಗ್ಯದ ಕಾರಣ. ತಾವೇ ಬರೆದದ್ದನ್ನು ಗುರುತಿಸುತ್ತಿರಲಿಲ್ಲ ಎಂಬುದು ನಿಜವೇ ಎಂದು ನನ್ನನ್ನೂ ಕೇಳಿದರು. ನಿಜ ಎಂದು ಬರೆದುಕೊಟ್ಟೆ.

ಬಚ್ಚಲುಮನೆಯ ಗೋಡೆಯ ಗೀರು ಚಾವಣಿ ಮುಟ್ಟಿದೆ. ಮಾಲೀಕರು ಫೋನ್ ಎತ್ತುತ್ತಿಲ್ಲ.

ಅಕ್ಟೋಬರ್ ೧, ಮಂಗಳವಾರ

ಹದಿನೈದು ಟನ್ನಿನ ಫಲಕ ಹೋದ ವಾರ ತೆಗೆದರು. ಬೆಳಿಗ್ಗೆಯಿಂದ ಸಂಜೆವರೆಗೂ ಲಾರಿಗಳ ಸಾಲು. ಲಾರಿ ಸೇತುವೆ ಹತ್ತಿದಾಗ ನನ್ನ ಕಿಟಕಿಯ ಗಾಜು ಝುಂ ಎನ್ನುತ್ತದೆ. ಮೊದಮೊದಲು ಬೆಚ್ಚುತ್ತಿದ್ದೆ. ಈಗ ಕಾಗದ ಮಡಚಿ ಸಂದಿಗೆ ಸಿಕ್ಕಿಸಿದ್ದೇನೆ.

ಊಟ ಮಾಡುವಾಗ ಇವರು ಹೇಳಿದರು: "ನಡುಮಧ್ಯ ಬಂದಾಗ ಸೀಟಿನ ಕೆಳಗಿಂದ ಯಾರೋ ಒದ್ದಂಗಾಗುತ್ತೆ ಕಣೇ. ದಿನಾ ಒದೆ ಜೋರಾಗ್ತಿದೆ. ನಿಮ್ಮ ಕಚೇರಿಯಲ್ಲಿ ಏನಂತಾರೆ?"

"ಏನೂ ಇಲ್ಲ. ಒಂದೆರಡು ಗೀರು ಅಷ್ಟೇ" ಎಂದೆ.

ಊಟ ಮುಗಿಸಿ ಇವರ ಹೆಸರಿನಲ್ಲಿ ಒಂದು ಅರ್ಜಿ ಬರೆದೆ. ಬೆನ್ನುನೋವಿನ ಕಾರಣ, ಪೇಟೆಯೊಳಗಿನ ಮಾರ್ಗಕ್ಕೆ ಹಾಕಬೇಕೆಂದು. ಆ ಒದೆ ಬೆನ್ನಿಗೆ ಒಳ್ಳೆಯದಲ್ಲ. "ಎರಡು ವರ್ಷದಿಂದ ನೋಯ್ತಿರೋ ಬೆನ್ನು ಇವತ್ತು ನಿನ್ನ ಕಣ್ಣಿಗೆ ಬಿತ್ತಾ?" ಎಂದು ನಗುತ್ತ ಸಹಿ ಹಾಕಿದರು. ಮಂಜೂರಾಗುವವರೆಗೆ ರಜೆ ಹಾಕಿ ಎಂದೆ. ಅಷ್ಟೇಕೆ ಎಂದರು. ಅಳು ಬಂತು, ಏಕೋ ತಿಳಿಯದು. ರಜೆ ಹಾಕಿದರು.

ಅಕ್ಟೋಬರ್ ೯, ಬುಧವಾರ

ಮಂಜೂರಾಯಿತು. ಇವರಿಗೆ ಪೇಟೆಯ ಮಾರ್ಗ. ಸೇತುವೆಯ ಮಾರ್ಗ ಶಿಳ್ಳೆ ಹೊಡೆಯುವ ಸೀಟಿಗೆ ಹೋಯಿತು. ಅವನಿಗಂತೂ ಖುಷಿ. ಮನೆ ಹತ್ತಿರ, ಮಗು ಏಳುವ ಹೊತ್ತಿಗೆ ಇರಬಹುದು ಎಂದು ಸಿಹಿ ತಂದುಕೊಟ್ಟು ಹೋದ. ಎಲ್ಲರಿಗೂ ಅನುಕೂಲವಾದಂತಾಯಿತು.

ಸಿಹಿ ನಾನು ತಿನ್ನಲಿಲ್ಲ. ಹಲ್ಲುನೋವು.

ಅಕ್ಟೋಬರ್ ೨೮, ಸೋಮವಾರ

ಮನೆಗೆ ಹೋಗುವವರೆಗೆ ತಡೆಯಲಾಗದೆ ಕಚೇರಿಯಲ್ಲೇ ಬರೆಯುತ್ತಿದ್ದೇನೆ.

ಮೂರೂವರೆಗೆ ಸುತ್ತಿಗೆಯಣ್ಣನ ಹೆಂಡತಿ ಬಂದರು. ಮೊದಲು ಎಂದೂ ನೋಡಿರಲಿಲ್ಲ. ಒಗೆದು ಒಗೆದು ಬಣ್ಣ ಹೋದ ಸೀರೆ, ಕೈಯಲ್ಲಿ ಔಷಧಿ ಅಂಗಡಿಯ ಪೊಟ್ಟಣ. ಕೂರಿ ಅಕ್ಕ ಎಂದೆ. ಕುರ್ಚಿಯ ತುದಿಯಲ್ಲಿ ಕೂತರು.

"ಬೆಳಕಾದ್ರೆ ಸಾಕು, ಎದ್ದು ಸೇತುವೆ ಕೆಳಗೆ ಹೋಗಿಬಿಡ್ತಾರೆ. ಮೂರನೇ ಕಂಬಕ್ಕೆ ಕಿವಿ ಕೊಟ್ಟು ಕೂತಿರ್ತಾರೆ. ಊಟಕ್ಕೆ ಕರೆದ್ರೆ, ತಮ್ಮ ಬೆರಳನ್ನೇ ನೋಡ್ಕೊಂಡು, ನಾನು ಬರೆದಿದ್ದು ನನಗೇ ಗೊತ್ತಿಲ್ಲ ಕಣೇ ಅಂತಾರೆ." ಪೊಟ್ಟಣ ತೋರಿಸಿದರು. "ಡಾಕ್ಟರು ಮರೆವಿಗೆ ಮಾತ್ರೆ ಕೊಟ್ಟಿದಾರೆ. ನುಂಗಿದ್ರೆ ಇಡೀ ದಿನ ತೂಕಡಿಸ್ತಾ ಬಿದ್ದಿರಬೇಕಂತೆ. ಕೊಡ್ಲೋ ಬೇಡ್ವೋ ಗೊತ್ತಾಗ್ತಿಲ್ಲ. ಅವರು ಬರೆದಿದ್ದನ್ನ ದಿನಾ ಓದಿದೋರು ನೀವು. ನೀವೇ ಹೇಳಿ, ನಿಜವಾಗ್ಲೂ ಮರೀತಿದ್ರಾ?"

"ಡಾಕ್ಟರು ಹೇಳಿದ ಮೇಲೆ ಕೊಡಿ ಅಕ್ಕ" ಎಂದೆ.

ತಲೆಯಾಡಿಸಿದರು. ಕಣ್ಣೊರೆಸಿಕೊಂಡು ಎದ್ದರು. "ಸರಿ ಹಂಗಾದ್ರೆ. ನಮ್ಮ ಮನೆ ಆಚೆ ದಡ. ನಾಲ್ಕರ ಬಸ್ಸು ಸಿಗುತ್ತೆ, ಓಡ್ತೀನಿ."

ಬಾಗಿಲವರೆಗೆ ಹೋಗಿದ್ದರು. ನಾನು ಯಾವಾಗ ಎದ್ದೆನೋ, ಯಾವಾಗ ಅವರ ಕೈ ಹಿಡಿದೆನೋ. "ಬಸ್ಸು ಬೇಡ ಅಕ್ಕ. ದೋಣಿಯಲ್ಲಿ ಹೋಗಿ" ಎಂದುಬಿಟ್ಟಿದ್ದೆ.

"ಯಾಕೆ?"

ಹೊರಗೆ ಲಾರಿಯೊಂದು ಸೇತುವೆ ಹತ್ತಿತು. ಗಾಜು ಅದುರಿತು. ಅವರು ಗಾಜನ್ನು ನೋಡಿದರು, ಸೇತುವೆಯನ್ನು ನೋಡಿದರು, ತಮ್ಮ ಕೈ ಹಿಡಿದಿದ್ದ ನನ್ನ ಕೈಯನ್ನು ನೋಡಿದರು.

"ಅಂದ್ರೆ ಅವರಿಗೆ ಮರೆವಿಲ್ಲ" ಎಂದರು.

ಕೈ ಬಿಡಿಸಿಕೊಂಡರು. ಕಿಟಕಿಯ ಹತ್ತಿರ ಹೋಗಿ ಕೆಳಗೆ ನಿಂತಿದ್ದ ಬಸ್ಸನ್ನು ತೋರಿಸಿದರು. ಬಂದಾಗಿನಿಂದ ನೀವು ಎನ್ನುತ್ತಿದ್ದವರು ಆಗ ನೀನು ಎಂದರು. "ಅದರಲ್ಲಿ ಕೂತಿರೋರಿಗೂ ಹೇಳ್ತೀಯಾ? ಇಲ್ಲ, ನನಗೊಬ್ಬಳಿಗೇನಾ?"

ಮೆಟ್ಟಿಲಿಳಿದು ಹೋದರು. ನಿಲ್ದಾಣದ ಕಡೆಗೆ ತಿರುಗಲಿಲ್ಲ. ಸೇತುವೆಯ ಕೆಳಗೆ, ಗಂಡ ಕೂತಿರುವ ಕಡೆಗೆ, ದಂಡೆ ಹಿಡಿದು ಓಡುವಂತೆ ನಡೆದರು.

ನಾನೂ ಇಳಿದೆ. ಚಪ್ಪಲಿ ಹಾಕಿಕೊಂಡಿರಲಿಲ್ಲವೆಂದು ರಸ್ತೆಗೆ ಬಂದ ಮೇಲೆ ತಿಳಿಯಿತು. ಬಸ್ಸು ತುಂಬಿತ್ತು. ಹಿಂದಿನ ಸೀಟಿನಲ್ಲಿ ಶಾಲೆಯ ಮಕ್ಕಳು ಕಿಟಕಿಗಾಗಿ ಕಿತ್ತಾಡುತ್ತಿದ್ದರು. ಯಾರೋ ಅಜ್ಜಿ ತೊಡೆಯ ಮೇಲೆ ಹೂವಿನ ಕುಂಡ ಇಟ್ಟುಕೊಂಡಿದ್ದಳು. ಸೀಟಿ ಕಿಟಕಿಯಿಂದ ಕತ್ತು ಹೊರಗೆ ಹಾಕಿದ.

"ಅತ್ತಿಗೆ! ಬರ್ತೀರಾ? ಜಾಗ ಮಾಡಿಸ್ತೀನಿ."

"ಇಲ್ಲಪ್ಪ."

"ಮತ್ತೆ? ಡಿಪೋದಲ್ಲಿ ಅಣ್ಣ ಸಿಕ್ರೆ ಏನಾದ್ರೂ ಹೇಳ್ಬೇಕಾ?"

ಹೇಳಲೆಂದೇ ಬಂದಿದ್ದೆ. ತಲೆಯೆತ್ತಿದರೆ ಎರಡನೇ ಮಹಡಿಯ ಕಿಟಕಿಯಲ್ಲಿ ಸಾಹೇಬರು ನಿಂತಿದ್ದರು. ಕನ್ನಡಕ ಒರೆಸುತ್ತಿದ್ದರು.

"ಏನಿಲ್ಲ. ನಿಧಾನ ಹೋಗು" ಎಂದೆ.

"ನಾನು ಯಾವತ್ತು ಜೋರಾಗಿ ಹೋಗಿದೀನಿ ಅತ್ತಿಗೆ?"

ಶಿಳ್ಳೆ ಹೊಡೆಯುತ್ತ ಹೊರಟ. ಮುಂದೆ ಎರಡು ಲಾರಿ, ಹಿಂದೆ ಒಂದು. ನಾನು ಕಂಬಿ ಹಿಡಿದು ನಿಂತೆ. ನಡುಮಧ್ಯ ಬಸ್ಸು ಒಮ್ಮೆ ಎಗರಿತು, ಮಕ್ಕಳು ಹೋ ಎಂದು ಕಿರುಚಿದ್ದು ಈಚೆಗೂ ಕೇಳಿಸಿತು. ಆಮೇಲೆ ಮೆಲ್ಲಗೆ ಆಚೆ ದಡ ಹತ್ತಿತು.

ಮುಂದಿನದು ಐದೂವರೆಗೆ.